ಪಾದಸೇವೆಯೂ ಪಾದಚಿಕಿತ್ಸೆಯೂ

(ಶ್ರೀಮಠದ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶರಣಬಂಧುಗಳೆ, ದೇಹದ ಭಾರವನ್ನೆಲ್ಲ ಹೊತ್ತು, ದೇಹದಲ್ಲಿ ಎಲ್ಲಕ್ಕಿಂತ ಕಡಮೆ ಆದರವನ್ನು ಪಡೆಯುವ ಅಂಗವೆಂದರೆ ಪಾದ. ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವವನು ತನ್ನ ಅಂಗಾಲನ್ನು ತಿಂಗಳಿಗೊಮ್ಮೆಯೂ ನೋಡಿಕೊಳ್ಳುವದಿಲ್ಲ. ಒಂದೊಂದು ಪಾದದಲ್ಲಿಯೂ 26 ಎಲುಬುಗಳೂ 33 ಸಂಧಿಗಳೂ ಇರುವವೆಂದು ಶರೀರಶಾಸ್ತ್ರಜ್ಞರು ಎಣಿಸಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಕಟ್ಟಲ್ಪಟ್ಟ ಈ ಅಂಗವನ್ನು ಒತ್ತುವದರಿಂದಲೂ ತಿಕ್ಕುವದರಿಂದಲೂ ಆಗುವ ಪ್ರಯೋಜನವೇನು, ಆಗದ ಪ್ರಯೋಜನವೇನು ಎಂಬದೇ ಇಂದು ನಾನು ಅರಿಕೆ ಮಾಡಿಕೊಳ್ಳತಕ್ಕ ವಿಷಯವು.

ಈಚಿನ ವರ್ಷಗಳಲ್ಲಿ ಪಟ್ಟಣಗಳಲ್ಲಿ ರಿಫ್ಲೆಕ್ಸಾಲಜಿ ಎಂಬ ಹೆಸರಿನ ಪಾದಚಿಕಿತ್ಸೆಯ ಕೇಂದ್ರಗಳು ಅಲ್ಲಲ್ಲಿ ತೆರೆದಿವೆ. ಅಲ್ಲಿಯ ಗೋಡೆಯ ಮೇಲೆ ಎರಡು ಅಂಗಾಲುಗಳ ದೊಡ್ಡ ಚಿತ್ರವಿರುತ್ತದೆ. ಹೆಬ್ಬೆರಳಿನಲ್ಲಿ ತಲೆ, ಬೆರಳುಗಳ ಬುಡದಲ್ಲಿ ಶ್ವಾಸಕೋಶ, ಪಾದದ ನಡುವೆ ಜಠರ ಮತ್ತು ಮೂತ್ರಪಿಂಡ, ಒಳಅಂಚಿನಲ್ಲಿ ಬೆನ್ನೆಲುಬು, ಹಿಮ್ಮಡಿಯಲ್ಲಿ ಸೊಂಟದ ಕೆಳಗಣ ಅಂಗಗಳು ಎಂದು ಬಣ್ಣಬಣ್ಣದ ಗೆರೆಗಳಿಂದ ಗುರುತಿಸಿರುತ್ತಾರೆ. ಆಯಾ ಎಡೆಯನ್ನು ಒತ್ತಿದರೆ ಆಯಾ ಅಂಗದ ರೋಗವು ತಿಳಿಯುತ್ತದೆ, ಒತ್ತುತ್ತ ಹೋದರೆ ವಾಸಿಯೂ ಆಗುತ್ತದೆ ಎಂದು ಹೇಳುತ್ತಾರೆ. ಇದನ್ನು ಕೇಳಿಬಂದ ಭಕ್ತರಲ್ಲಿ ಕೆಲವರು, “ಶಾಸ್ತ್ರಿಗಳೆ, ಇದು ನಮ್ಮ ಗ್ರಂಥಗಳಲ್ಲಿ ಇದೆಯೆ? ಇದನ್ನು ನಂಬಿ ಡಾಕ್ಟರು ಕೊಟ್ಟ ಗುಳಿಗೆಯನ್ನು ಬಿಡಬಹುದೆ?” ಎಂದು ಕೇಳುತ್ತಾರೆ. ಮೊದಲನೆಯದು ಜಿಜ್ಞಾಸೆಯ ಪ್ರಶ್ನೆ. ಎರಡನೆಯದು ಪ್ರಾಣದ ಪ್ರಶ್ನೆ. ಆದುದರಿಂದ ಎರಡಕ್ಕೂ ಬೇರೆಬೇರೆಯಾಗಿಯೇ ಉತ್ತರ ಹೇಳುವದು ಯೋಗ್ಯವು.

ಮೊದಲು ಗ್ರಂಥಗಳ ಮಾತು. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ದಿನಚರ್ಯೆಯನ್ನು ಹೇಳುವಾಗ ಪಾದಗಳಿಗೆ ಮೂರು ಉಪಚಾರಗಳು ವಿಧಿಸಲ್ಪಟ್ಟಿವೆ. ಆಗಾಗ್ಗೆ ಪಾದಗಳನ್ನು ತೊಳೆಯುವದು ಒಂದು. ಎಣ್ಣೆಯಿಂದ ತಿಕ್ಕುವ ಪಾದಾಭ್ಯಂಗವು ಎರಡು. ಪಾದರಕ್ಷೆಯನ್ನು ಧರಿಸುವದು ಮೂರು. ಪಾದಾಭ್ಯಂಗದಿಂದ ಕಾಲಿನ ಒರಟುತನ, ಬಿಗಿತ, ರೂಕ್ಷತೆ, ದಣಿವು, ಜೋಮು ಇವು ಶಮನವಾಗುವವು. ಪಾದಗಳಿಗೆ ಮೃದುತ್ವವೂ ಬಲವೂ ಸ್ಥೈರ್ಯವೂ ಬರುವವು. ದೃಷ್ಟಿಗೆ ಪ್ರಸನ್ನತೆ ಬರುವದು. ಗೃಧ್ರಸಿ ಎಂಬ ಕಾಲುನೋವೂ ಹಿಮ್ಮಡಿಯ ಒಡಕೂ ತಪ್ಪುವವು ಎಂಬದು ಅಲ್ಲಿಯ ಅಭಿಪ್ರಾಯವು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ನಿತ್ಯವೂ ಅಭ್ಯಂಗವನ್ನು ವಿಧಿಸಿ, ತಲೆ, ಕಿವಿ, ಪಾದ ಈ ಮೂರು ಎಡೆಗಳಲ್ಲಿ ವಿಶೇಷವಾಗಿ ಮಾಡಬೇಕೆಂದನು. ಅದೇ ಉಸಿರಿನಲ್ಲಿ, ಕಫಪೀಡಿತನು, ಅಜೀರ್ಣವುಳ್ಳವನು, ವಮನ ವಿರೇಚನಾದಿ ಶೋಧನಗಳನ್ನು ಆಗತಾನೇ ಮಾಡಿಸಿಕೊಂಡವನು ಇದನ್ನು ವರ್ಜಿಸತಕ್ಕದ್ದೆಂದೂ ಎಚ್ಚರಿಸಿದನು. ವಿಧಿಯ ಜೊತೆಯಲ್ಲಿಯೇ ನಿಷೇಧವನ್ನು ಹೇಳುವದು ಶಾಸ್ತ್ರದ ರೀತಿಯು. ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಹಿತವೆಂದು ಹೇಳುವದು ಮಾರಾಟದ ರೀತಿಯು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಚರಕನು ಹೇಳಿದ ಫಲಗಳಲ್ಲಿ ಹೆಚ್ಚಿನವು ಕಾಲಿನವೇ. ಅಂಗಾಲಿನಲ್ಲಿ ಹೃದಯಕ್ಕೊಂದು, ಯಕೃತ್ತಿಗೊಂದು, ಮೂತ್ರಪಿಂಡಕ್ಕೊಂದು ಎಡೆಯಿದೆಯೆಂಬ ನಕ್ಷೆಯು ಅಲ್ಲಿ ಇಲ್ಲ. “ಸುಶ್ರುತನು ಪಾದದಲ್ಲಿ ಮರ್ಮಗಳನ್ನು ಹೇಳಿಲ್ಲವೆ?” ಎಂದು ಕೇಳಬಹುದು. ಹೇಳಿದ್ದಾನೆ. ದೇಹದ 107 ಮರ್ಮಗಳಲ್ಲಿ ಕ್ಷಿಪ್ರ, ತಲಹೃದಯ, ಕೂರ್ಚ, ಕೂರ್ಚಶಿರಸ್ಸು, ಗುಲ್ಫ ಇವು ಪಾದದವು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಇವುಗಳ ನಡುವೆ ಕ್ಷಿಪ್ರವು. ನಡುಬೆರಳಿನ ನೇರಕ್ಕೆ ಅಂಗಾಲಿನ ಮಧ್ಯದಲ್ಲಿ ತಲಹೃದಯವು. ಆದರೆ ಸುಶ್ರುತನು ಇವುಗಳನ್ನು ಎಣಿಸಿದ್ದು ಪೆಟ್ಟು ಬಿದ್ದರೆ ಅಪಾಯವಾಗುವ ಎಡೆಗಳೆಂದು, ಶಸ್ತ್ರವೈದ್ಯನು ಎಚ್ಚರಿಕೆಯಿಂದಿರಲೆಂದು. ಕ್ಷಿಪ್ರ ತಲಹೃದಯಗಳನ್ನು ಕಾಲಾಂತರದಲ್ಲಿ ಪ್ರಾಣಹಾರಿಗಳಾದ ಮರ್ಮಗಳ ಗುಂಪಿನಲ್ಲಿಯೇ ಸೇರಿಸಿದ್ದಾನೆ. ರಕ್ಷಿಸಬೇಕೆಂದು ಹೇಳಿದ ಎಡೆಗಳನ್ನು ಬಲವಾಗಿ ಚುಚ್ಚಿ ಒತ್ತಬೇಕೆಂದು ಅರ್ಥಮಾಡುವದು ಗ್ರಂಥಕ್ಕೆ ಮಾಡಿದ ಅಪಚಾರವೇ ಸರಿ.

ಹಾಗಾದರೆ ಈ ನಕ್ಷೆಯು ಎಲ್ಲಿಂದ ಬಂತು? ಇದರ ಜನ್ಮಭೂಮಿಯು ಅಮೇರಿಕ. ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕಿವಿ, ಮೂಗು, ಗಂಟಲುಗಳ ವೈದ್ಯನಾಗಿದ್ದ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬವನು ದೇಹವನ್ನು ತಲೆಯಿಂದ ಕಾಲಿನ ವರೆಗೆ ಹತ್ತು ಉದ್ದನೆಯ ಪಟ್ಟಿಗಳಾಗಿ ವಿಭಾಗಿಸಿ, ಒಂದು ಪಟ್ಟಿಯ ಒಂದು ಕಡೆ ಒತ್ತಿದರೆ ಅದೇ ಪಟ್ಟಿಯ ಮತ್ತೊಂದು ಕಡೆಯ ನೋವು ತಗ್ಗುವದೆಂದು ಪ್ರತಿಪಾದಿಸಿದನು. ಇದಕ್ಕೆ ಜೋನ್ ಥೆರಪಿ, ಎಂದರೆ ವಲಯಚಿಕಿತ್ಸೆ, ಎಂದು ಹೆಸರು. ಎಡ್ವಿನ್ ಬವರ್ಸ್ ಎಂಬವನೊಡನೆ ಕೂಡಿ 1917ರಲ್ಲಿ ಇದರ ಮೇಲೆ ಗ್ರಂಥವನ್ನೂ ಪ್ರಕಟಿಸಿದನು. ಅನಂತರ ಯೂನಿಸ್ ಇಂಗ್ಹ್ಯಾಮ್ ಎಂಬ ಮಹಿಳೆಯು ಆ ವಲಯಗಳನ್ನು ಪಾದದ ಮೇಲೆಯೇ ವಿವರವಾಗಿ ಗುರುತಿಸಿ, 1938ರಲ್ಲಿ ತನ್ನ ಪುಸ್ತಕವನ್ನು ಹೊರಡಿಸಿದಳು. ‘ಪಾದಗಳು ಹೇಳಬಲ್ಲ ಕಥೆಗಳು’ ಎಂಬದು ಅದರ ಹೆಸರಿನ ತಾತ್ಪರ್ಯ. ಇಂದು ಗೋಡೆಗಳ ಮೇಲೆ ಕಾಣುವ ಚಿತ್ರಗಳ ಮೂಲವು ಇದೇ. ಈಜಿಪ್ಟ್ ದೇಶದ ಸಕ್ಕಾರದಲ್ಲಿರುವ ಅಂಖ್‌ಮಾಹೋರನ ಸಮಾಧಿಯ ಗೋಡೆಯಲ್ಲಿ ಕೈಕಾಲುಗಳ ಉಪಚಾರದ ಚಿತ್ರವೊಂದಿದೆ. ಅದನ್ನು ಈ ಚಿಕಿತ್ಸೆಯ ಪ್ರಾಚೀನತೆಗೆ ಸಾಕ್ಷಿಯೆಂದು ಕೆಲವರು ತೋರಿಸುತ್ತಾರೆ. ಚಿತ್ರವು ನಿಜ, ಆದರೆ ಅದು ಉಗುರು ಪಾದಗಳ ಸಾಮಾನ್ಯ ಶುಶ್ರೂಷೆಯ ಚಿತ್ರವೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಪರದೇಶದಲ್ಲಿ ಹುಟ್ಟಿದ್ದೆಂಬ ಮಾತ್ರಕ್ಕೆ ಒಂದು ವಿದ್ಯೆಯು ತ್ಯಾಜ್ಯವಲ್ಲ. ಪ್ರಾಚೀನವೆಂಬ ಮಾತ್ರಕ್ಕೆ ಗ್ರಾಹ್ಯವೂ ಅಲ್ಲ. ಪರೀಕ್ಷೆಯೇ ಪ್ರಮಾಣ.

ಪರೀಕ್ಷೆಯ ದಾರಿಯನ್ನು ಚರಕನೇ ತೋರಿಸಿದ್ದಾನೆ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ಪರೀಕ್ಷೆಯು ನಾಲ್ಕು ವಿಧ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದಿಂದಲೇ ಮುಂದಿಡೋಣ.

ಪೂರ್ವಪಕ್ಷಿಯು ಹೇಳುವದೇನೆಂದರೆ: “ಪ್ರತ್ಯಕ್ಷವೇ ಇದೆ. ಕಾಲೊತ್ತಿಸಿಕೊಂಡವನಿಗೆ ತಲೆನೋವು ಇಳಿಯಿತು, ನಿದ್ದೆ ಬಂತು, ಮನಸ್ಸು ಹಗುರಾಯಿತು. ಆದುದರಿಂದ ನಕ್ಷೆಯು ಸತ್ಯ.” ಫಲವು ಪ್ರತ್ಯಕ್ಷವೆಂಬದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಫಲಕ್ಕೆ ನಕ್ಷೆಯೇ ಕಾರಣವೆಂಬದು ಅನುಮಾನವು. ಅನುಮಾನದಲ್ಲಿ ಹೇತುವು ಶುದ್ಧವಾಗಿರಬೇಕು. ತರ್ಕಶಾಸ್ತ್ರದಲ್ಲಿ ಅನ್ಯಥಾಸಿದ್ಧ ಎಂಬ ಮಾತುಂಟು. ಗಡಿಗೆಯು ಹುಟ್ಟುವದಕ್ಕೆ ಮೊದಲು ಮಣ್ಣು ಹೊತ್ತು ತಂದ ಕತ್ತೆಯು ಕುಂಬಾರನ ಬಾಗಿಲಲ್ಲಿ ನಿಂತಿತ್ತು. ಆದರೂ ಗಡಿಗೆಗೆ ಕತ್ತೆಯು ಕಾರಣವೆಂದು ಯಾರೂ ಹೇಳುವದಿಲ್ಲ. ಮಣ್ಣು, ಚಕ್ರ, ಕುಂಬಾರನ ಕೈ ಇಷ್ಟರಿಂದಲೇ ಗಡಿಗೆಯಾಗುವದು. ಹಾಗೆಯೇ ದಣಿದವನು ಅರ್ಧ ಗಂಟೆ ಸ್ವಸ್ಥವಾಗಿ ಒರಗಿದ್ದು, ಮತ್ತೊಬ್ಬರ ಬೆಚ್ಚನೆಯ ಕೈಯಿಂದ ಸ್ನಾಯುಗಳು ಸಡಿಲಾದದ್ದು, ತನ್ನ ಕಷ್ಟವನ್ನು ಕೇಳುವವರೊಬ್ಬರು ಹತ್ತಿರ ಕುಳಿತದ್ದು, ಇಷ್ಟರಿಂದಲೇ ಸುಖವು ಸಿದ್ಧವಾಗುವದಾದರೆ ಗೋಡೆಯ ಚಿತ್ರವು ಕುಂಬಾರನ ಕತ್ತೆಯಾಗುವದು.

ಇದು ಬರಿಯ ತರ್ಕವೆಂದು ಯಾರೂ ಭಾವಿಸಬಾರದು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರೋಗಿಗಳ ವೃತ್ತಾಂತವನ್ನು ತಿಳಿಸದೆ 18 ಜನರ ಪಾದಗಳನ್ನು ಇಬ್ಬರು ನುರಿತ ಪಾದಚಿಕಿತ್ಸಕರಿಗೆ ತೋರಿಸಿದರು. ಆರು ಗೊತ್ತಾದ ವ್ಯಾಧಿಗಳಲ್ಲಿ ಯಾರಿಗೆ ಯಾವದು ಇದೆಯೆಂಬದನ್ನು ಪಾದದಿಂದ ನಿರ್ಣಯಿಸಬೇಕಾಗಿತ್ತು. ಅವರ ನಿರ್ಣಯವು ವ್ಯಾಧಿಯಿದ್ದವರನ್ನೂ ಇಲ್ಲದವರನ್ನೂ ಬೇರ್ಪಡಿಸಲಿಲ್ಲ. ಇನ್ನು ಚಿಕಿತ್ಸೆಯ ವಿಷಯ: ಎಡ್ಜಾರ್ಡ್ ಎರ್ನ್ಸ್ಟ್ ಎಂಬ ವೈದ್ಯವಿದ್ವಾಂಸನು ಅದುವರೆಗಿನ 18 ತುಲನಾತ್ಮಕ ಪರೀಕ್ಷೆಗಳನ್ನು 2009ರಲ್ಲಿ ಒಟ್ಟುಗೂಡಿಸಿ ನೋಡಿ, ಯಾವದೊಂದು ರೋಗಕ್ಕೂ ಇದು ಚಿಕಿತ್ಸೆಯೆಂದು ಮನಗಾಣಿಸುವಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದನು. ಆಸ್ಟ್ರೇಲಿಯದ ಸರಕಾರವು 2015ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಸ್ಪಷ್ಟವಾದ ಆಧಾರವಿಲ್ಲವೆಂದೇ ಹೇಳಿತು.

ಪೂರ್ವಪಕ್ಷಕ್ಕೆ ಅನುಕೂಲವಾದದ್ದನ್ನು ಮುಚ್ಚಿಡುವದೂ ನ್ಯಾಯವಲ್ಲ. ಅಮೇರಿಕದಲ್ಲಿ ಸ್ತನದ ಅರ್ಬುದರೋಗವು ಬಲಿತ 385 ಮಹಿಳೆಯರನ್ನು ಮುಖ್ಯವಾಗಿ ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯು 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರಿಫ್ಲೆಕ್ಸಾಲಜಿ, ಮತ್ತೊಂದಕ್ಕೆ ಆ ವಿದ್ಯೆಯನ್ನರಿಯದವರಿಂದ ಸಾಮಾನ್ಯವಾಗಿ ಕಾಲೊತ್ತುವದು, ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ರಿಫ್ಲೆಕ್ಸಾಲಜಿಯ ಗುಂಪಿನಲ್ಲಿ ಏದುಸಿರಿನ ತೀವ್ರತೆ ತಗ್ಗಿತು, ದೈನಂದಿನ ಚಲನವಲನವು ಸುಧಾರಿಸಿತು. ನೋವು, ಕಳವಳ, ಖಿನ್ನತೆಗಳಲ್ಲಿ ಗುಂಪುಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಉಸಿರಿಗೆ ಕಷ್ಟಪಡುವವಳಿಗೆ ಉಸಿರು ಸ್ವಲ್ಪ ಸರಾಗವಾದದ್ದು ಅಲ್ಪ ಲಾಭವಲ್ಲ. ಆದರೆ ಆ ಮಹಿಳೆಯರ ಔಷಧೋಪಚಾರವನ್ನು ಯಾರೂ ನಿಲ್ಲಿಸಿರಲಿಲ್ಲ. ಪಾದೋಪಚಾರವು ಅದರ ಜೊತೆಯಲ್ಲಿ ನಡೆಯಿತು. ಈ ‘ಜೊತೆಯಲ್ಲಿ’ ಎಂಬ ಮಾತನ್ನು ತಾವೆಲ್ಲರೂ ನೆನಪಿನಲ್ಲಿಡಬೇಕೆಂದು ನನ್ನ ಬಿನ್ನಹ.

ಸಿದ್ಧಾಂತವು ಇಷ್ಟು: ಪಾದವನ್ನು ಒತ್ತುವದು ಸುಖವನ್ನು ಕೊಡುವದು, ರೋಗವನ್ನು ನೀಗಿಸುವದೆಂಬದು ಸಿದ್ಧವಾಗಿಲ್ಲ. ಸುಖವು ಬರುವ ರೀತಿಯೂ ಗೂಢವಲ್ಲ. ದಿನವಿಡೀ ನಿಂತವನ ಕಾಲುಗಳಲ್ಲಿ ರಕ್ತವೂ ನೀರೂ ಕೆಳಗೆ ತಂಗುತ್ತವೆ. ಕಾಲನ್ನು ಎತ್ತರಿಸಿ ಬೆರಳಿನಿಂದ ಮೀನಖಂಡದ ಕಡೆಗೆ ಮೆಲ್ಲನೆ ನೀವಿದರೆ ಅವು ಮೇಲಕ್ಕೆ ಹರಿಯುವದಕ್ಕೆ ನೆರವಾಗುತ್ತದೆ. ಅಂಗಾಲಿನ ಬಿಗಿದ ಸ್ನಾಯುಗಳು ಸಡಿಲಾಗುತ್ತವೆ. ಎಣ್ಣೆಯು ಒಣಚರ್ಮವನ್ನು ಮೃದುಮಾಡಿ ಹಿಮ್ಮಡಿಯ ಒಡಕನ್ನು ತಗ್ಗಿಸುತ್ತದೆ. ಒಡಕು ಮುಚ್ಚಿದರೆ ಕೀವಿಗೆ ಬಾಗಿಲು ಮುಚ್ಚಿದಂತೆ. ದೇಹವು ವಿಶ್ರಾಂತಿಗೆ ಬಂದಾಗ ನಾಡಿಯೂ ಉಸಿರೂ ಮಂದವಾಗಿ ನಿದ್ದೆಯು ಸಮೀಪಿಸುತ್ತದೆ. ಯುಗಾದಿಯ ವೇಳೆಗೆ ಉತ್ತರ ಕರ್ನಾಟಕದಿಂದ ಸುಡುಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಶ್ರೀಶೈಲಕ್ಕೆ ಹೋಗುವ ಭಕ್ತರಿಗೆ ದಾರಿಯ ಊರವರು ಬಿಸಿನೀರು ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ ಸೇವೆ ಮಾಡುವದುಂಟು. ಆ ಸೇವಕರ ಬಳಿ ಯಾವ ನಕ್ಷೆಯೂ ಇಲ್ಲ. ಆದರೂ ಮರುದಿನ ಯಾತ್ರಿಕನು ಎದ್ದು ನಡೆಯುತ್ತಾನೆ.

ಇನ್ನು, “ಪಾದವು ದೇಹದ ವೃತ್ತಾಂತವನ್ನು ಹೇಳುವದೆಂಬದು ಪೂರ್ತಿ ಸುಳ್ಳೆ?” ಎಂದರೆ, ಅಲ್ಲ. ಪಾದವು ನಿಜವಾಗಿಯೂ ಮಾತಾಡುತ್ತದೆ. ಅದರ ಭಾಷೆ ಮಾತ್ರ ಬೇರೆ. ಪ್ಯಾರಿಸ್ಸಿನ ಬಾಬಿನ್‌ಸ್ಕಿ ಎಂಬ ವೈದ್ಯನು 1896ರಲ್ಲಿ ಒಂದು ಲಕ್ಷಣವನ್ನು ವರ್ಣಿಸಿದನು. ಅಂಗಾಲಿನ ಹೊರಅಂಚಿನಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಆರೋಗ್ಯವಂತರಾದ ದೊಡ್ಡವರಲ್ಲಿ ಬೆರಳುಗಳು ಕೆಳಕ್ಕೆ ಬಾಗುತ್ತವೆ. ಹೆಬ್ಬೆರಳು ಮೇಲಕ್ಕೆ ಎದ್ದರೆ ಮೆದುಳಿನಲ್ಲಿಯಾಗಲಿ ಬೆನ್ನುಹುರಿಯಲ್ಲಿಯಾಗಲಿ ದೋಷವಿದೆಯೆಂದು ವೈದ್ಯರು ಶಂಕಿಸುತ್ತಾರೆ. ಇದು ನಿಜವಾದ ರಿಫ್ಲೆಕ್ಸ್, ಎಂದರೆ ಪ್ರತಿವರ್ತನೆ. ಎರಡು ಪಾದಗಳೂ ಊದಿಕೊಂಡು, ಬೆರಳಿನಿಂದ ಒತ್ತಿದ ಕಡೆ ಗುಳಿ ಬಿದ್ದು ನಿಂತರೆ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿರಬಹುದು. ಪಾದದ ಮೇಲಣ ನಾಡಿಯು ಸಿಗದೆ ಪಾದವು ತಣ್ಣಗಾಗಿದ್ದರೆ ರಕ್ತನಾಳವು ಕಿರಿದಾಗಿರಬಹುದು. ಅಂಗಾಲು ಜೋಮುಹಿಡಿದು, ಚಪ್ಪಲಿ ಜಾರಿದರೂ ತಿಳಿಯದಿದ್ದರೆ ಮಧುಮೇಹವು ನರಗಳನ್ನು ತಿಂದಿರಬಹುದು. ಇದನ್ನು ಪರೀಕ್ಷಿಸಲು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸುತ್ತಾರೆ. ಕಣ್ಣುಮುಚ್ಚಿದ ರೋಗಿಗೆ ಅದು ತಿಳಿಯದಿದ್ದರೆ ಆ ಪಾದವು ಅಪಾಯದಲ್ಲಿದೆ.

ಈ ಕಡೆಯ ಮಾತು ನಮ್ಮ ನಾಡಿಗೆ ಬಹಳ ಮುಖ್ಯವಾದದ್ದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯು 10 ಕೋಟಿಯನ್ನು ದಾಟಿದೆ. ಸ್ಪರ್ಶಜ್ಞಾನವಿಲ್ಲದ ಪಾದವನ್ನು ಕಟ್ಟಿಗೆಯ ಗುಂಡಿಯಿಂದಾಗಲಿ ಬೆರಳ ಗಿಣ್ಣಿನಿಂದಾಗಲಿ ಬಲವಾಗಿ ಒತ್ತಿದರೆ ಚರ್ಮ ಒಡೆದರೂ ರೋಗಿಗೆ ತಿಳಿಯದು. ನೋವಿಲ್ಲದ ಹುಣ್ಣು ಬೆಳೆಯುತ್ತದೆ. ಕಡೆಗೆ ಕಾಲನ್ನೇ ತೆಗೆಯಬೇಕಾದ ಸಂದರ್ಭವೂ ಬರುತ್ತದೆ. ಇಂಥವನು ‘ಅಂಗಾಲಿನ ಬಿಂದು ಒತ್ತಿಸಿಕೊಳ್ಳುತ್ತೇನೆ’ ಎಂದು ಗುಳಿಗೆಯನ್ನೋ ಇನ್‌ಸುಲಿನ್ನನ್ನೋ ಬಿಟ್ಟರೆ, ಹಾನಿಯು ಎರಡು ಕಡೆಯಿಂದಲೂ ಬರುವದು. ಆದುದರಿಂದ ಎರಡನೆಯ ಪ್ರಶ್ನೆಗೆ ನನ್ನ ಉತ್ತರವು ನಿಸ್ಸಂದೇಹವಾದದ್ದು: ಗುಳಿಗೆಯನ್ನು ಬಿಡಕೂಡದು. ಬಿಡಿಸುವವನು ವೈದ್ಯನಲ್ಲ. ವೈದ್ಯರ ಭಾಂಡ, ಔಷಧ, ಪುಸ್ತಕಗಳನ್ನು ಮುಂದೆ ತೋರಿಸಿ ವೈದ್ಯರೆನಿಸಿಕೊಳ್ಳುವವರನ್ನು ಚರಕನು ಛದ್ಮಚರರೆಂದು ಬೇರೆಯಾಗಿಯೇ ಎಣಿಸಿದ್ದಾನೆ. ಆ ಸಾಲಿಗೆ ಗೋಡೆಯ ಚಿತ್ರವನ್ನೂ ಸೇರಿಸಿಕೊಳ್ಳಬಹುದು.

ಮತ್ತೂ ಕೆಲವು ನಿಷೇಧಗಳಿವೆ. ಒಂದೇ ಕಾಲಿನ ಮೀನಖಂಡವು ಫಕ್ಕನೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ಅಂಥ ಕಾಲನ್ನು ಮುಟ್ಟದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಯ, ಹುಣ್ಣು, ಕೀವು, ಎಲುಬಿನ ಮುರಿತ, ಜ್ವರ ಇವುಗಳಿರುವಾಗಲೂ ತಿಕ್ಕಲಾಗದು. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳತಕ್ಕದ್ದು.

ಮನೆಯಲ್ಲಿ ಪಾದಾಭ್ಯಂಗವನ್ನು ಮಾಡತಕ್ಕ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಾತ್ರಿ ಮಲಗುವದಕ್ಕೆ ಮೊದಲು, ಊಟ ಅರಗಿದ ಮೇಲೆ, ಉಗುರುಬೆಚ್ಚನೆಯ ನೀರಿನಿಂದ ಪಾದಗಳನ್ನು ತೊಳೆದು ಬೆರಳ ಸಂದುಗಳನ್ನೂ ಒರಸಬೇಕು. ನೀರಿನ ಬಿಸಿಯನ್ನು ಸೇವೆ ಮಾಡುವವನು ತನ್ನ ಕೈಯಿಂದ ನೋಡಬೇಕಲ್ಲದೆ ಜೋಮುಹಿಡಿದ ಕಾಲಿನಿಂದ ನೋಡಿಸಬಾರದು. ಎಳ್ಳೆಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಸ್ವಲ್ಪವೇ ತೆಗೆದುಕೊಂಡು ಅಂಗಾಲು, ಹಿಮ್ಮಡಿ, ಕಣಕಾಲುಗಳಿಗೆ ಸವರಿ, ಹೆಬ್ಬೆರಳಿನಿಂದ ಹಿತವಾಗಿ ಒತ್ತುತ್ತ ಒಂದೊಂದು ಪಾದಕ್ಕೂ ಹತ್ತು ನಿಮಿಷ ನೀವಬೇಕು. ಬೆರಳ ಸಂದುಗಳಲ್ಲಿ ಎಣ್ಣೆಯನ್ನು ಬಿಡಬಾರದು. ಅಲ್ಲಿ ಚರ್ಮ ಕೊಳೆಯುತ್ತದೆ. ಮುಗಿದ ಮೇಲೆ ಎಣ್ಣೆಯನ್ನು ಬಟ್ಟೆಯಿಂದ ಒರಸಿಯೇ ಹಿರಿಯರನ್ನು ನೆಲಕ್ಕಿಳಿಸಬೇಕು. ಎಣ್ಣೆಗಾಲಿನಿಂದ ಜಾರಿ ಸೊಂಟ ಮುರಿದುಕೊಂಡರೆ ಸೇವೆಯೇ ಶಿಕ್ಷೆಯಾಗುವದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕಡೆಗೆ ಹೇಳುತ್ತೇನೆ. ಪಾದವನ್ನು ಒತ್ತುವವನು ಪಾದವನ್ನು ನೋಡಲಿ. ಮುಪ್ಪಿನಲ್ಲಿ ಬಾಗಿ ತಮ್ಮ ಅಂಗಾಲನ್ನು ತಾವು ನೋಡಿಕೊಳ್ಳುವದು ಹಿರಿಯರಿಗೆ ಆಗದು; ಕಣ್ಣೂ ಮಂದವಾಗಿರುತ್ತದೆ. ಮಗನೋ ಸೊಸೆಯೋ ಮೊಮ್ಮಗಳೋ ದಿನವೂ ಹತ್ತು ನಿಮಿಷ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡರೆ, ನಿನ್ನೆ ಇರದ ಬಾವು, ನಿನ್ನೆ ಇರದ ಕೆಂಪು, ಆಣಿಯ ಬುಡದಲ್ಲಿ ಬಂದ ಸಣ್ಣ ಹುಣ್ಣು, ಇವು ಮೊದಲ ದಿನವೇ ಕಣ್ಣಿಗೆ ಬೀಳುವವು. ಮೊದಲ ದಿನವೇ ವೈದ್ಯರ ಬಳಿಗೆ ಹೋಗಬಹುದು. ಕಾಲನ್ನು ಉಳಿಸುವದು ಅಂಗಾಲಿನ ಯಾವ ಬಿಂದುವೂ ಅಲ್ಲ, ದಿನದಿನದ ಈ ಲಕ್ಷ್ಯವೇ. ಹಣ ಕೊಟ್ಟು ಒತ್ತಿಸಿಕೊಳ್ಳುವ ಕೈಯು ಸುಖವನ್ನು ಕೊಡಬಹುದು; ತಿಂಗಳಿಗೊಮ್ಮೆ ಬರುವ ಆ ಕೈಗೆ ನಿನ್ನೆಯ ಪಾದವು ಹೇಗಿತ್ತೆಂಬದು ತಿಳಿಯದು. ಮನೆಯ ಕೈಗೆ ತಿಳಿಯುವದು.

ಪಾಠಶಾಲೆಯ ವಿದ್ಯಾರ್ಥಿಗಳೆ, ನೀವು ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರ ಪಾದಗಳಿಗೆ ನಮಸ್ಕರಿಸಿ ಎದ್ದುಬಿಡಬೇಡಿರಿ. ಒಂದು ಗಳಿಗೆ ಅಲ್ಲಿಯೇ ಕುಳಿತು, ದೀಪವನ್ನು ಹತ್ತಿರ ತಂದು, ಅಂಗಾಲನ್ನು ತಿರುಗಿಸಿ ನೋಡಿರಿ, ಬೆರಳಿನಿಂದ ಮೆಲ್ಲನೆ ಮುಟ್ಟಿ, “ತಿಳಿಯುತ್ತದೆಯೆ?” ಎಂದು ಕೇಳಿರಿ. ತಿಳಿಯದೆಂದರೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಿಳಿಯುವದೆಂದರೆ ಎಣ್ಣೆಯ ಬಟ್ಟಲನ್ನು ತನ್ನಿರಿ.